ಊರಗಾಯ ಖಾಲಾ

ನಾನು ಓದು ನಿಲ್ಲಿಸಿದ್ದು ತೊಂಬತ್ತನಾಲ್ಕನೇ ಇಸವಿಯಲ್ಲಿ, ಎಂಟನೇ ತರಗತಿಯ ನಡುವೆ. ಫೇಲಾಗಿ ಬಿಟ್ಟವನಲ್ಲ. ಲೆಕ್ಕದಲ್ಲಿ ನಮ್ಮ ತರಗತಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಯಲ್ಲಿ ದುಡಿಯುವ ಕೈ ಬೇಕಿತ್ತು, ಹೋದೆ. ಮೊದಲು ಲಾರಿ ಕ್ಲೀನರ್, ಆಮೇಲೆ ಡ್ರೈವರ್, ಆಮೇಲೆ ಓನರ್. ‘ನಿನಗೆ ನಾನು ಕಲಿಸಿದೆ’ ಎಂದು ಹೇಳುವ ಹಕ್ಕನ್ನು ಅಲ್ಲಿಂದಾಚೆಗೆ ಯಾರಿಗೂ ಕೊಟ್ಟಿಲ್ಲ. ಒಬ್ಬರಿಗೆ ಬಿಟ್ಟು.

ಆ ಒಬ್ಬರ ಎಡಗೈಯಲ್ಲಿ ತೀರಿಹೋದ ಗಂಡನ ದೊಡ್ಡ ಸ್ಟೀಲ್ ವಾಚು ಇರುತ್ತಿತ್ತು. ಚೈನು ಸಡಿಲ. ಎಂಜಿನ್ ಆಯಿಲ್ ತುಂಬಿದ ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದಾಗ ಆ ವಾಚು ಮಣಿಕಟ್ಟಿನಿಂದ ಮೊಣಕೈವರೆಗೆ ಸರ್ರನೆ ಜಾರುತ್ತಿತ್ತು. ಕೈ ಇಳಿಸಿದರೆ ವಾಪಸು ಬಂದು ಹೆಬ್ಬೆರಳ ಬುಡಕ್ಕೆ ಕೂರುತ್ತಿತ್ತು. ಮುಳಬಾಗಿಲಿನ ಹೆದ್ದಾರಿ ಪಕ್ಕದಲ್ಲಿ ಅವರದು ಆಯಿಲ್, ಗ್ರೀಸು, ಫಿಲ್ಟರ್ ಮಾರುವ ಅಂಗಡಿ. ಗಂಡ ಹೋದ ಮೇಲೆ ಅಂಗಡಿ ಮುಚ್ಚುತ್ತಾರೆ ಅಂದುಕೊಂಡಿದ್ದರು ಜನ. ಇವರು ನಲವತ್ತನೆಯ ದಿನದ ಫಾತಿಹಾ ಮುಗಿಸಿ ಮಾರನೇ ದಿನ ಶಟರ್ ಎತ್ತಿದರು. ಲಾರಿಯವರಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಅವರಿಗಿಂತ ವಯಸ್ಸಾದವರಿಗೂ ಚಿಕ್ಕಮ್ಮನೇ. ಮಗನನ್ನು ಉರ್ದುವಿನಲ್ಲಿ ಬೈದು, ನಮ್ಮನ್ನು ಕನ್ನಡದಲ್ಲಿ ಬೈದು, ಪಕ್ಕದ ಟೈರು ಅಂಗಡಿಯವನನ್ನು ತೆಲುಗಿನಲ್ಲಿ ಬೈಯುತ್ತಿದ್ದರು. ನನ್ನ ಮೇಲೆ ಖುಷಿ ಇದ್ದರೆ ‘ಬೇಟಾ’. ಕೋಪ ಬಂದರೆ ‘ಓನರ್ ಸಾಬ್’.

ಮೊದಲ ಸಲ ಹೋಗಿದ್ದು ಎಣ್ಣೆ ಬದಲಾಯಿಸಬೇಕೆಂದು. ಲಾರಿ ಹಳೆಯದು, ನನ್ನ ಕೈಗೆ ಬರುವ ಹೊತ್ತಿಗೆ ಇಬ್ಬರ ಕೈ ದಾಟಿತ್ತು. ಡಬ್ಬ ಕೊಡಿ ಅಂದೆ.

“ಯಾಕೆ ಬದಲಾಯಿಸ್ತೀಯಾ?”

“ಕಪ್ಪಗಾಗಿದೆ ಖಾಲಾ.”

“ನಿನ್ನ ತಲೆ ಕೂದಲೂ ಕಪ್ಪಗಿದೆ. ಅದನ್ನೂ ಬದಲಾಯಿಸ್ತೀಯಾ?”

ಡೀಸೆಲ್ ಎಂಜಿನ್‌ನ ಎಣ್ಣೆ ಕಪ್ಪಗಾಗುವುದು ಅದರ ಕೆಲಸ, ಮಸಿಯನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ, ಬಣ್ಣ ನೋಡಿ ಎಣ್ಣೆ ಚೆಲ್ಲುವವನು ಮೈಬಣ್ಣ ನೋಡಿ ಹೆಣ್ಣು ತರುವವನ ಹಾಗೆ ಎಂದರು. ಆ ದಿನ ನನಗೆ ಅವರು ಎಣ್ಣೆ ಮಾರಲಿಲ್ಲ. ಎಣ್ಣೆ ಅಂಗಡಿಯವರೇ ಎಣ್ಣೆ ಬೇಡ ಅನ್ನುವುದನ್ನು ನಾನು ಅಲ್ಲಿತನಕ ಕಂಡಿರಲಿಲ್ಲ. ಬದಲಿಗೆ ಲಾರಿಯನ್ನು ಹಿತ್ತಲಿಗೆ ಹಾಕಿಸಿ, ಬಿಸಿ ಇರುವಾಗಲೇ ಕೆಳಗಿನ ಬೋಲ್ಟ್ ಸಡಿಲಿಸಿ, ಮೊದಲು ಬಂದ ಎಣ್ಣೆಯನ್ನು ಹರಿಯಲು ಬಿಟ್ಟು, ನಡುವಿನದನ್ನು ಎರಡು ಬಾಟಲಿಗೆ ಹಿಡಿಸಿದರು. ಒಂದು ಬೆಂಗಳೂರಿನ ಲ್ಯಾಬಿಗೆ. ಇನ್ನೊಂದು ಅವರ ಕಪಾಟಿಗೆ.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. ಆಯಿಲ್ ಕಂಪನಿಯವರು ಕೋಲಾರದಲ್ಲಿ ಅಂಗಡಿಯವರನ್ನೆಲ್ಲ ಕರೆದು ಒಂದು ಮೀಟಿಂಗ್ ಮಾಡಿದ್ದರಂತೆ. ಹಳೆಯ ಎಂಜಿನ್‌ನ ಎಣ್ಣೆಯನ್ನು ಪರೀಕ್ಷೆ ಮಾಡಿಸಿದರೆ ಒಳಗೆ ಏನು ಸವೆಯುತ್ತಿದೆ ಎಂದು ಬಿಚ್ಚದೆಯೇ ತಿಳಿಯುತ್ತದೆ ಎಂದು ಒಬ್ಬ ಹುಡುಗ ಇಂಜಿನಿಯರ್ ಪರದೆಯ ಮೇಲೆ ತೋರಿಸಿದನಂತೆ. “ಮಿಕ್ಕವರೆಲ್ಲ ಬಿರಿಯಾನಿಗೆ ಬಂದಿದ್ರು. ನಾನು ಮಾತಿಗೆ ಹೋಗಿದ್ದೆ. ಬಿರಿಯಾನಿ ನಮ್ಮನೇದೇ ಚೆನ್ನಾಗಿರತ್ತೆ” ಎಂದು ನಕ್ಕರು. ಆ ಹುಡುಗನನ್ನು ಮೆಟ್ಟಿಲ ಹತ್ತಿರ ಹಿಡಿದು, ಬಸ್ಸು ತಪ್ಪುವತನಕ ಪ್ರಶ್ನೆ ಕೇಳಿದ್ದರಂತೆ. ಅವನು ಪಾಪ, ಒಂದಕ್ಕೂ ಬೇಸರ ಮಾಡಲಿಲ್ಲವಂತೆ. ಅವನ ಹೆಸರೆತ್ತಿದಾಗಲೆಲ್ಲ ಅವನಿಗೆ ಒಳ್ಳೇದಾಗಲಿ ಎಂದು ದುವಾ ಮಾಡುತ್ತಿದ್ದರು.

ರಿಪೋರ್ಟ್ ಇಂಗ್ಲಿಷಿನಲ್ಲಿ ಬರುತ್ತಿತ್ತು. ಖಾಲಾ ಅದನ್ನು ನಮಗೆ ತಿಳಿಯುವ ಹಾಗೆ ಹೇಳುತ್ತಿದ್ದರು. “ಕಬ್ಬಿಣ ಜಾಸ್ತಿ ಬಂದ್ರೆ ಲೈನರ್ ಸವೀತಿದೆ. ತಾಮ್ರ, ಸೀಸ ಬಂದ್ರೆ ಬೇರಿಂಗು. ಮರಳು ಬಂದ್ರೆ ನಿನ್ನ ಸೋಮಾರಿತನ.” ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಸೋಮಾರಿತನ ಅಂದರೆ ಗಾಳಿ ಫಿಲ್ಟರ್ ನೋಡಿಲ್ಲ, ಧೂಳು ಒಳಗೆ ಹೋಗಿದೆ ಎಂದು. ನನ್ನ ಎರಡನೇ ರಿಪೋರ್ಟಿನಲ್ಲೇ ಮರಳು ಬಂತು. ಆಗ ನಾನು ಮಾಲೂರಿನಿಂದ ಇಟ್ಟಿಗೆ ಹೊಡೆಯುತ್ತಿದ್ದೆ. ಗೂಡಿನ ಹತ್ತಿರ ಲೋಡ್ ಮಾಡುವಾಗ ಕೆಂಪು ಧೂಳು ಊಟದ ಡಬ್ಬಿಯೊಳಕ್ಕೂ ಇಳಿಯುತ್ತದೆ. ಫಿಲ್ಟರ್ ಹೊಸದು ಖಾಲಾ, ಹೋದ ತಿಂಗಳು ನಿಮ್ಮ ಹತ್ತಿರವೇ ತಗೊಂಡಿದ್ದೀನಿ ಎಂದು ವಾದ ಮಾಡಿದೆ. ಅವರು ಎದ್ದು ಬಂದು, ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆಯ ಕೆಳಭಾಗದಲ್ಲಿ ಬೆರಳು ಆಡಿಸಿದರು. ಬೆರಳು ಒಳಗೆ ಹೋಯಿತು. ಅಲ್ಲಿ ಯಾವ ಕಾಲದಲ್ಲೋ ಹರಿದು, ಯಾರೋ ಸೀರೆಯ ಅಂಚು ಸುತ್ತಿ ಬಿಟ್ಟಿದ್ದರು.

“ಬಾಗಿಲಿಗೆ ಬೀಗ ಹಾಕಿದೀಯ ಓನರ್ ಸಾಬ್. ಗೋಡೆ ಬಿದ್ದೋಗಿದೆ.”

ಕೊಳವೆ ಬದಲಾಯಿಸಿದೆ. ಮುಂದಿನ ರಿಪೋರ್ಟಿನಲ್ಲಿ ಮರಳೂ ಇಳಿದಿತ್ತು, ಅದರ ಹಿಂದೆ ಏರುತ್ತಿದ್ದ ಕಬ್ಬಿಣವೂ ನಿಂತಿತ್ತು. ಅವತ್ತಿನಿಂದ ನಾನು ಅವರವನಾದೆ.

ಒಂದೇ ರಿಪೋರ್ಟನ್ನು ನಂಬಬೇಡ ಎನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ರಕ್ತದ ರಿಪೋರ್ಟನ್ನೂ ಹಾಗೇ ನೋಡುತ್ತಿದ್ದರು. ಇವತ್ತು ಎಷ್ಟಿದೆ ಎನ್ನುವುದಕ್ಕಿಂತ ಹೋದ ಸಲದಿಂದ ಯಾವ ಕಡೆ ಹೊರಟಿದೆ ಎನ್ನುವುದೇ ಮುಖ್ಯ. ಹಳೇ ಎಂಜಿನ್ ಅಂದಮೇಲೆ ಸವೆಯುತ್ತದೆ, ನಿಧಾನವಾಗಿ ಸವೆಯಲಿ, ಓಡುತ್ತಾ ಸವೆಯಲಿ ಎನ್ನುತ್ತಿದ್ದರು. ಲ್ಯಾಬಿನ ಹೊರತಾಗಿ ಅವರದೇ ಒಂದು ಪರೀಕ್ಷೆಯೂ ಇತ್ತು. ಅಂಗಡಿಯ ಹಿಂದೆ ಸ್ಟೌ ಮೇಲೆ ಒಂದು ಹಳೇ ರೊಟ್ಟಿ ತವಾ. ಅದನ್ನು ಚೆನ್ನಾಗಿ ಕಾಯಿಸಿ ಒಂದು ತೊಟ್ಟು ಎಣ್ಣೆ ಬಿಡುವುದು. ಎಣ್ಣೆಯಲ್ಲಿ ನೀರು ಸೇರಿದ್ದರೆ ಚಟಪಟ ಅನ್ನುತ್ತದೆ. ಇಲ್ಲದಿದ್ದರೆ ಸುಮ್ಮನೆ ಹೊಗೆಯಾಡುತ್ತದೆ. ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಇನ್ನೊಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: “ಎಣ್ಣೆ ಸುಳ್ಳು ಹೇಳಲ್ಲ. ತರೋನು ಹೇಳ್ತಾನೆ.” ಓನರಿಗೆ ಹೆದರಿ ಹೊಸ ಎಣ್ಣೆಯನ್ನೇ ಬಾಟಲಿಗೆ ತುಂಬಿ ತರುವ ಡ್ರೈವರ್‌ಗಳಿದ್ದರು. ಅದಕ್ಕೇ ಖಾಲಾ ತಮ್ಮ ಹಿತ್ತಲಿನಲ್ಲಿ, ತಮ್ಮ ಕಣ್ಣೆದುರಿಗೆ, ತಮ್ಮ ಬಾಟಲಿಗೇ ಹಿಡಿಸುವುದು. ಹೊರಗಿನ ಬಾಟಲಿ ಮುಟ್ಟುತ್ತಿರಲಿಲ್ಲ.

ಈಗ ಆ ಮಾವಿನ ಸೀಸನ್ನಿನ ಮಾತು ಹೇಳಬೇಕು.

ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಶುರುವಾದರೆ ಒಂದೊಂದು ಲಾರಿಯೂ ಒಬ್ಬೊಬ್ಬ ಮಂಡಿಯವರಿಗೆ ಒಪ್ಪಿಕೊಂಡಿರುತ್ತದೆ. ಹಣ್ಣು ಕಾಯುವುದಿಲ್ಲ. ಲೋಡಿನ ಹೊತ್ತಿಗೆ ಲಾರಿ ಇಲ್ಲದಿದ್ದರೆ ಬೇರೆಯವನು ಹಾಕುತ್ತಾನೆ, ಮುಂದಿನ ವರ್ಷವೂ ಅವನೇ ಹಾಕುತ್ತಾನೆ. ನನಗಿದ್ದದ್ದು ಒಂದೇ ಲಾರಿ. ವರ್ಷವಿಡೀ ಇಟ್ಟಿಗೆ, ಟೊಮೊಟೊ ಎಂದು ಅಲೆದರೂ ಮನೆ ನಿಲ್ಲುತ್ತಿದ್ದದ್ದು ಆ ಸೀಸನ್ನಿನ ಮೇಲೆ. ಅದಕ್ಕೇ ಸೀಸನ್ನಿಗೆ ಮುಂಚೆ ಒಂದು ಸಲ ಎಣ್ಣೆ ಕೊಟ್ಟು ಬರುತ್ತಿದ್ದೆ. ಆ ವರ್ಷವೂ ಕೊಟ್ಟೆ. ಮಂಡಿಗೆ ಕಾಯಿ ಬರತೊಡಗಿದ ದಿನವೇ ಖಾಲಾ ಫೋನ್ ಮಾಡಿದರು.

“ಲಾರಿ ನಿಲ್ಲಿಸು ಬೇಟಾ.”

ರಿಪೋರ್ಟಿನಲ್ಲಿ ಸೋಡಿಯಂ ಏರಿತ್ತು. ಏರಿತ್ತು ಅಂದರೆ ಹಿಂದೆ ಯಾವತ್ತೂ ಇಲ್ಲದಷ್ಟು. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟಿನಲ್ಲಿ ಸೋಡಿಯಂ ಇರುತ್ತದೆ. ಅದರರ್ಥ ಆ ನೀರು ಎಲ್ಲೋ ಎಣ್ಣೆಯೊಳಕ್ಕೆ ಜಿನುಗುತ್ತಿದೆ, ಎಂಜಿನ್‌ನ ತಲೆಭಾಗ, ಅಂದರೆ ಹೆಡ್ಡಿನ ಗ್ಯಾಸ್ಕೆಟ್ಟೋ ಲೈನರಿನ ಸೀಲೋ ಹೋಗಿದೆ. ಎಣ್ಣೆ ಹಿಡಿದ ದಿನ, ಅದು ಬಿಸಿ ಇರುವಾಗಲೇ ಖಾಲಾ ತವಾ ಕಾಯಿಸಿ ನೋಡಿದ್ದರು. ಸದ್ದಿರಲಿಲ್ಲ. ಲ್ಯಾಬಿನ ಹುಡುಗಿಗೆ ಫೋನ್ ಮಾಡಿ ಹಾಗಂತ ಹೇಳಿದ್ದಕ್ಕೆ ಅವಳು, ಸಣ್ಣ ಜಿನುಗಾದರೆ ಬಿಸಿ ಎಂಜಿನ್‌ನಲ್ಲಿ ನೀರು ಆವಿಯಾಗಿ ಹೋಗುತ್ತದಮ್ಮ, ಉಪ್ಪು ಮಾತ್ರ ಉಳಿಯುತ್ತದೆ ಅಂದಳಂತೆ. ಅವಳು ಹೇಳಿದ್ದು ಸರಿಯೇ. ಹಾಗೇ ಓಡಿಸಿದರೆ ಬೇರಿಂಗ್ ಹಿಡಿದು, ದಾರಿಯಲ್ಲಿ ಹಣ್ಣಿನ ಸಮೇತ ನಿಲ್ಲಬೇಕು.

“ಎಂಜಿನ್ ಬಿಚ್ಚಲೇಬೇಕಾ ಖಾಲಾ?”

“ನನ್ನ ಲಾರಿ ಆಗಿದ್ರೆ ಬಿಚ್ಚಿಸ್ತಿದ್ದೆ.”

ಲಾರಿ ಅಷ್ಟೊತ್ತಿಗೆ ಶ್ರೀನಿವಾಸಪುರದಲ್ಲೇ ಇತ್ತು. ಅಲ್ಲಿಯ ಒಬ್ಬ ಮೇಸ್ತ್ರಿಯ ಶೆಡ್ಡಿಗೆ ಹಾಕಿದೆ. ಅವನು ಕೆಲಸಗಾರ, ಬಾಯಿಯೂ ಅಷ್ಟೇ ದೊಡ್ಡದು. ಎಣ್ಣೆ ಪರೀಕ್ಷೆ ಅಂದರೆ ಅವನಿಗೆ ತಮಾಷೆ.

“ಏಮಪ್ಪಾ, ಎಣ್ಣೆಗೆ ಜಾತಕ ಬರೆಸಿದ್ಯಂತೆ? ಯಾವ ದೆಸೆ ನಡೀತಿದೆ?”

ಅಳತೆ ಕಡ್ಡಿ ಎಳೆದು ನೋಡಿದ. “ನೀರು ಸೇರಿದ್ರೆ ಎಣ್ಣೆ ಹಾಲಿನಂಗೆ ಆಗ್ಬೇಕು. ನೋಡು, ಎಷ್ಟು ಚೆನ್ನಾಗಿದೆ. ಎಂಜಿನ್ ಬಡಿತ ಕೇಳು. ಇದನ್ನ ಬಿಚ್ಚು ಅಂದೋರ್ಯಾರು?”

“ಖಾಲಾ.”

“ಖಾಲಾಗೇನಪ್ಪ, ಅಲ್ಲಿ ಕೂತ್ಕೊಂಡು ಹೇಳ್ತಾರೆ. ಒಂದು ಮಾತು ತಿಳ್ಕೋ. ಈ ವಯಸ್ಸಿನ ಎಂಜಿನ್ ಹೆಡ್ ಎತ್ತಿದ್ರೆ ಅಲ್ಲಿಗೆ ನಿಲ್ಲಲ್ಲ. ಪಿಸ್ಟನ್ ಕೇಳ್ತದೆ, ಲೈನರ್ ಕೇಳ್ತದೆ, ಒಂದೊಂದೇ ಎಲ್ಲ ಕೇಳ್ತದೆ. ನಿನ್ನ ಸೀಸನ್ ನನ್ನ ಶೆಡ್ಡಲ್ಲೇ ಮುಗೀತದೆ.”

ಅವನು ಹೇಳಿದ್ದೂ ಸುಳ್ಳಲ್ಲ. ಶೆಡ್ಡಿನಲ್ಲಿ ಇನ್ನೂ ಮೂರ್ನಾಲ್ಕು ಲಾರಿಯವರಿದ್ದರು, ನಗುತ್ತಿದ್ದರು. ನಾನು ಹಟದವನು. ಮಾಲೂರಿನ ಧೂಳನ್ನು ಕಾಣದೆಯೇ ಕಂಡವರ ಮಾತು ದೊಡ್ಡದೋ, ಕಡ್ಡಿ ಎಳೆದು ನೋಡಿದವನ ಮಾತು ದೊಡ್ಡದೋ? ಬಿಚ್ಚು ಅಂದೆ. ಮಂಡಿಯವರಿಗೆ ಲಾರಿ ಬರುವುದು ಅನುಮಾನ ಎಂದು ಹೇಳಿ ಕಳಿಸಿದೆ. ಮೇಸ್ತ್ರಿ ತಲೆ ಅಲ್ಲಾಡಿಸಿ ರೇಡಿಯೇಟರಿನ ನೀರು ಇಳಿಸಿದ. ಮಾರನೇ ದಿನ ಬೆಳಿಗ್ಗೆ ಮೇಲಿನ ಮುಚ್ಚಳ ತೆಗೆದಿಟ್ಟು ಹೆಡ್ ಬೋಲ್ಟಿಗೆ ಸ್ಪ್ಯಾನರ್ ಕೂರಿಸುವ ಹೊತ್ತಿಗೆ, ಬಸ್ ಸ್ಟ್ಯಾಂಡಿನ ಕಡೆಯಿಂದ ಕಪ್ಪು ಬುರ್ಖಾದಲ್ಲಿ ಒಬ್ಬ ಹೆಂಗಸು ಬಿರಬಿರನೆ ಬರುವುದು ಕಾಣಿಸಿತು. ಕೈಯಲ್ಲಿ ಬಟ್ಟೆ ಚೀಲ. ವಾಚಿನಿಂದ ಗುರುತು ಹಿಡಿದೆ. ಮುಳಬಾಗಿಲು ಬಿಟ್ಟು ಖಾಲಾ ಒಬ್ಬರೇ ಹೊರಗೆ ಹೊರಟಿದ್ದನ್ನು ನಾನು ನೋಡಿರಲಿಲ್ಲ.

“ಬೋಲ್ಟ್ ಮುಟ್ಟಿದ್ರಾ?” ಅಂದರು. ನನಗಲ್ಲ, ಮೇಸ್ತ್ರಿಗೆ.

“ಇಲ್ಲಮ್ಮ, ಈಗ ಕೂರಿಸ್ತಿದ್ದೆ.”

“ನಕ್ಕೋ. ಬೇಡ. ಕೆಳಗಿಡು.”

ನೀರು ಕೇಳಿದರು. ಅಲ್ಲೇ ಒಂದು ಟೈರಿನ ಮೇಲೆ ಕೂತು ಕುಡಿದರು. ಚೀಲದಿಂದ ಒಂದು ಬಾಟಲಿ ತೆಗೆದರು. ನನ್ನ ಎಣ್ಣೆಯೇ, ಕಪಾಟಿನಲ್ಲಿಟ್ಟುಕೊಂಡಿದ್ದ ಎರಡನೆಯದು. ಅದರ ಮುಚ್ಚಳ ತಿರುಗಿಸಿ ಮೇಸ್ತ್ರಿಯ ಮುಂದೆ ಹಿಡಿದರು.

“ಮೂಸು.”

ಮೇಸ್ತ್ರಿ ನಮ್ಮೆಲ್ಲರ ಮುಖ ನೋಡಿದ. ಮೂಸಿದ. ಇನ್ನೊಮ್ಮೆ ಮೂಸಿದ. ಮುಚ್ಚಳದೊಳಗಿನ ರಟ್ಟಿನ ಬಿಲ್ಲೆಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದ.

“ಮೆಂತ್ಯ,” ಅಂದ. “ಊರಗಾಯ ಇದು. ಆವಕಾಯ.”

“ಹೌದು. ನಿಮ್ಮ ಶ್ರೀನಿವಾಸಪುರದ್ದೇ. ಇಲ್ಲಿನ ಒಬ್ಬ ತೋಟದವರು ಹೋದ ವರ್ಷ ಕೊಟ್ಟ ಬಾಟ್ಲಿಗಳು, ಎರಡೂ.”

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. ಸೀಸನ್ನಿಗೆ ಮುಂಚೆ ಎಲ್ಲರೂ ಒಟ್ಟಿಗೆ ಎಣ್ಣೆ ಕೊಡಲು ಬಂದಿದ್ದರಿಂದ ಲ್ಯಾಬಿನವರು ಕಳಿಸಿದ್ದ ಹೊಸ ಬಾಟಲಿಗಳು ಮುಗಿದಿದ್ದವು. ನನ್ನ ಸರದಿಗೆ ಮನೆಯಲ್ಲಿದ್ದ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ಒಣಗಿಸಿದ್ದರು. ಗಾಜು ಬಿಸಿನೀರಿಗೆ ಶುದ್ಧವಾಗಿತ್ತು. ಮುಚ್ಚಳದ ರಟ್ಟು ವರ್ಷವಿಡೀ ಉಪ್ಪು ಕುಡಿದಿತ್ತು. ಬಾಟಲಿ ಬಸ್ಸಿನಲ್ಲಿ ಕುಲುಕಿಕೊಂಡು ಹೋದಾಗ ಆ ಉಪ್ಪು ಎಣ್ಣೆಗಿಳಿದಿದೆ. ಸೋಡಿಯಂ ಅಂದರೆ ಉಪ್ಪೇ ತಾನೆ. ಹಿಡಿಯುವಾಗ ಬಾಟಲಿ ನನ್ನ ಕೈಯಲ್ಲೇ ಇತ್ತು, ನನಗೂ ವಾಸನೆ ಹತ್ತಿರಲಿಲ್ಲ. ಬಿಸಿ ಎಣ್ಣೆಯ ಮುಂದೆ ಯಾವ ವಾಸನೆ ನಿಲ್ಲುತ್ತದೆ?

“ತವಾ ಸುಮ್ನಿತ್ತು. ಅದೇ ತಲೇಲಿ ಕೊರೀತಿತ್ತು. ಬೆಳಿಗ್ಗೆ ಇನ್ನೊಂದು ತೊಟ್ಟು ನೋಡೋಣ ಅಂತ ಮುಚ್ಚಳ ತೆಗೆದೆ. ಎಣ್ಣೆ ತಣ್ಣಗಿತ್ತಲ್ಲ, ವಾಸನೆ ಬಂತು,” ಅಂದರು. “ನಾನೇ ತೊಳೆದಿದ್ದು ಬೇಟಾ. ಸೊಸೆ ತೊಳೆದಿದ್ರೆ ಅವಳ ಮೇಲೆ ಹಾಕಬಹುದಿತ್ತು.”

ಶೆಡ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ತಡೆದುಕೊಂಡಿದ್ದವನು ಅವನೂ ಶುರುಮಾಡಿದ. “ಏನ್ಲಾ ಓನರ್, ಎಂಜಿನ್‌ಗೆ ಊರಗಾಯ ಹಾಕಿದ್ಯಾ? ಮೊಸರನ್ನಾನೂ ಹಾಕು, ಸರಿಹೋಗ್ತದೆ.” ಎಲ್ಲರೂ ನಕ್ಕರು. ಖಾಲಾ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ನಗು ಮುಗಿಯುವತನಕ ಕೂತಿದ್ದರು.

ಅವರ ಮಾತು ಹಿಡಿದು ಎಲ್ಲರ ಮುಂದೆ ಎದೆ ಕೊಟ್ಟು ನಿಂತವನು ನಾನು. ಮಂಡಿಗೆ ಲಾರಿ ಇಲ್ಲ ಎಂದು ಹೇಳಿಯೂ ಆಗಿತ್ತು.

“ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ ಖಾಲಾ?” ಅಂದೆ.

“ಮಾಡಿದೆ. ಎತ್ತಿಲ್ಲ ನೀನು.”

ಫೋನ್ ಕ್ಯಾಬಿನ್ನಿನಲ್ಲಿತ್ತು.

“ಮೇಸ್ತ್ರಿ ನಂಬರ್ ಊರೆಲ್ಲ ಇದೆಯಲ್ಲ. ಇಷ್ಟು ದೂರ ಬಂದು, ಇವರೆಲ್ಲರ ಮುಂದೆ...”

“ಬಿಚ್ಚು ಅಂದಿದ್ದು ಇವರೆಲ್ಲರಿಗೂ ಗೊತ್ತಾಗಿತ್ತಲ್ಲ. ಬೇಡ ಅನ್ನೋದು ನಿನ್ನ ಕಿವೀಲಿ ಹೇಳೋದಾ?” ಎಂದರು. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, “ಬೈಯೋದಿದ್ರೆ ಬೈ. ಬೈದಾದ್ಮೇಲೆ ಮುಚ್ಚಳ ಹಾಕಿಸು. ಎಂಜಿನ್ ಬಿಸಿಯಾಗ್ಬೇಕು, ಇನ್ನೊಂದು ಸಲ ಎಣ್ಣೆ ಹಿಡೀಬೇಕು” ಅಂದರು. ಚೀಲದಲ್ಲಿ ಸೀಲ್ ಒಡೆಯದ ಹೊಸ ಬಾಟಲಿಗಳಿದ್ದವು. ಬೆಳಿಗ್ಗೆಯೇ ಮುಳಬಾಗಿಲಿನ ಇನ್ನೊಂದು ಅಂಗಡಿಯಿಂದ ಕೇಳಿ ತರಿಸಿಕೊಂಡು ಹಾಗೇ ಬಸ್ಸು ಹತ್ತಿದ್ದರು.

ನಾನು ಬೈಯಲಿಲ್ಲ. ಮೇಸ್ತ್ರಿಯಿಂದ ಎಂಜಿನ್ ಮುಚ್ಚಳ ಹಾಕಿಸಿ, ಇಳಿಸಿದ್ದ ನೀರು ಮತ್ತೆ ತುಂಬಿಸಿದೆ.

ಇಷ್ಟಾದರೂ ಲಾರಿಯನ್ನು ತಕ್ಷಣ ಲೋಡಿಗೆ ಬಿಡಲಿಲ್ಲ ಅವರು. “ಊರಗಾಯ ಇತ್ತು ಅನ್ನೋದು ಗೊತ್ತಾಯ್ತು. ಜಿನುಗು ಇಲ್ಲ ಅನ್ನೋದು ಇನ್ನೂ ಗೊತ್ತಾಗಿಲ್ಲ” ಎಂದು ಹಟ ಹಿಡಿದರು. ಎರಡನೇ ಸಲ ಹಿಡಿದ ಎಣ್ಣೆಯನ್ನು ಅವರ ತಂಗಿಯ ಮಗ ಬೆಂಗಳೂರಿಗೆ ಕೈಯಲ್ಲೇ ಹಿಡಿದುಕೊಂಡು ಹೋದ. ಖಾಲಾ ಲ್ಯಾಬಿನ ಹುಡುಗಿಗೆ ನಡೆದದ್ದೆಲ್ಲ ಹೇಳಿದರು. ಅವಳು ನಗಲಿಲ್ಲವಂತೆ, ರಿಪೋರ್ಟ್ ಕಳಿಸುವ ಮುಂಚೆ ಬಾಟಲಿ ಯಾವುದು ಎಂದು ನಾವೂ ಕೇಳಬೇಕಿತ್ತಮ್ಮ ಅಂದಳಂತೆ. ಅವಳೇ ನಮ್ಮದನ್ನು ಮುಂದಕ್ಕೆ ಹಾಕಿಸಿ ಮಾಡಿಸಿದಳು. ಆ ಉತ್ತರ ಬರುವತನಕ ನಾನು ಶೆಡ್ಡಿನ ಮುಂದೆ ನಿಂತು ಬೇರೆಯವರ ಲಾರಿಗಳು ಮಾವು ತುಂಬಿಕೊಂಡು ಹೋಗುವುದನ್ನು ನೋಡಿದೆ. ಅದರಷ್ಟು ಉದ್ದದ ಕಾಯುವಿಕೆ ನನ್ನ ಜೀವನದಲ್ಲಿ ಹೆಚ್ಚಿಲ್ಲ. ಸೋಡಿಯಂ ಹಿಂದೆ ಎಷ್ಟಿತ್ತೋ ಅಷ್ಟೇ ಬಂತು. ಎಂಜಿನ್ ಗಟ್ಟಿಯಾಗಿತ್ತು. ಮಂಡಿಯವರು ಎರಡು ಮಾತು ಬೈದು ಲೋಡ್ ಕೊಟ್ಟರು. ಆ ಸೀಸನ್ ಪೂರ್ತಿ ಓಡಿಸಿದೆ.

ಹೆಸರು ಮಾತ್ರ ನಿಂತುಹೋಯಿತು. ನಮ್ಮ ಕಡೆ ಉಪ್ಪಿನಕಾಯಿಗೆ ತೆಲುಗಿನಲ್ಲಿ ಊರಗಾಯ ಎನ್ನುವುದು. ಮೇಸ್ತ್ರಿ ಬಿಟ್ಟ ಮಾತು ಶ್ರೀನಿವಾಸಪುರದಿಂದ ಕೋಲಾರಕ್ಕೆ, ಕೋಲಾರದಿಂದ ಮುಳಬಾಗಿಲಿಗೆ ಲಾರಿಗಳ ಮೇಲೆಯೇ ಹೋಯಿತು. ಊರಗಾಯ ಖಾಲಾ. ಅಂಗಡಿಗೆ ಬಂದು ಎದುರಿಗೇ ಕೇಳುವವರು ಇದ್ದರು: “ಖಾಲಾ, ನನ್ನೆಣ್ಣೇಲಿ ಉಪ್ಪು ಸರಿಯಾಗಿದೆಯಾ ನೋಡಿ.”

“ಉಪ್ಪು ಸರಿಯಾಗಿದೆ. ನಿನ್ನ ತಲೇಲಿ ಕಾರ ಕಮ್ಮಿ,” ಎಂದು ಬಾಟಲಿ ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು.

ಬಾಟಲಿಯ ವಿಷಯದಲ್ಲಿ ಮಾತ್ರ ಅವರ ಗಾದೆ ಬದಲಾಯಿತು. ಎಣ್ಣೆ ಸುಳ್ಳು ಹೇಳಲ್ಲ, ತರೋನು ಹೇಳ್ತಾನೆ ಎನ್ನುತ್ತಿದ್ದವರು, “ತರೋನು ಹೇಳ್ತಾನೆ, ಇಲ್ಲಾಂದ್ರೆ ನಾನು ಹೇಳ್ತೀನಿ” ಎಂದು ಸೇರಿಸಿದರು. ಆ ಮಳೆಗಾಲ ಕಳೆದ ಮೇಲೆ ಒಂದು ದಿನ ನಾನು ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದಾಗ ಶ್ರೀನಿವಾಸಪುರದ ಮೇಸ್ತ್ರಿ ಬಂದ. ಅವನ ಬಾವನ ಟ್ರ್ಯಾಕ್ಟರ್ ಹೊಗೆ ಹಾಕುತ್ತಿತ್ತಂತೆ. ಎಣ್ಣೆಗೆ ಖಾಲಿ ಬಾಟಲಿ ಕೇಳಿದ. ನನ್ನ ಮುಖ ನೋಡದೆ ಕೇಳಿದ.

“ನಿನ್ನ ಮೂಗು ಚೆನ್ನಾಗಿದೆ. ಮೂಸಿ ತಗೊಂಡು ಹೋಗು,” ಅಂದರು ಖಾಲಾ.

ಹೋದ ವರ್ಷ ರಂಜಾನ್ ಕಳೆದು ಕೆಲವು ದಿನಗಳಿಗೆ ಅವರು ತೀರಿಕೊಂಡರು. ಮಗ ಫೋನ್ ಮಾಡಿದಾಗ ನಾನು ತಾಯಲೂರಿನ ಹತ್ತಿರ ಟೊಮೊಟೊ ತುಂಬಿಸುತ್ತಿದ್ದೆ. ಅರ್ಧ ಲೋಡನ್ನು ಹಾಗೇ ಬಿಟ್ಟು ಹೋದೆ. ಖಬರಸ್ತಾನದ ಆಚೆ ರಸ್ತೆಯ ಪಕ್ಕಕ್ಕೆ ಲಾರಿಗಳು ಸಾಲಾಗಿ ನಿಂತಿದ್ದವು, ಮಂಡಿಯ ಮುಂದೆ ನಿಂತ ಹಾಗೆ. ಮಗ ಕರೆದು ನನ್ನ ಕೈಯಲ್ಲೂ ಮಣ್ಣು ಹಾಕಿಸಿದ. ವಾಪಸು ಬರುವಾಗ ಮೇಸ್ತ್ರಿ ನನ್ನ ಲಾರಿಯಲ್ಲೇ ಬಂದ. ಚಿಂತಾಮಣಿ ಕಡೆಯ ತಿರುವಿನ ಹತ್ತಿರ, “ಆವತ್ತು ನಾನು ನಗಬಾರದಿತ್ತು ಕಣೋ” ಅಂದ. ನೀನು ನಕ್ಕಿದ್ದನ್ನು ಅವರು ಲೆಕ್ಕಕ್ಕೇ ತಗೊಂಡಿರಲಿಲ್ಲ ಅಂದೆ. ಅದು ನಿಜ.

ಅಂಗಡಿಯನ್ನು ಮಗ ನಡೆಸುತ್ತಿದ್ದಾನೆ. ಎಣ್ಣೆಯನ್ನು ನಾನೇ ಹಿಡಿದು ನಾನೇ ಲ್ಯಾಬಿಗೆ ಕಳಿಸುತ್ತೇನೆ. ರಿಪೋರ್ಟ್ ನನ್ನ ಫೋನಿಗೇ ಬರುತ್ತದೆ, ಆ ಇಂಗ್ಲಿಷನ್ನು ಈಗ ಓದಲು ಬರುತ್ತದೆ. ಕಬ್ಬಿಣ ಸ್ವಲ್ಪಸ್ವಲ್ಪವೇ ಏರುತ್ತಿದೆ. ಎಲ್ಲಿಗೆ ಹೊರಟಿದೆ ಎಂದು ತಿಳಿಯುತ್ತದೆ, ಹೆದರಿಕೆಯಿಲ್ಲ. ಇನ್ನೊಂದು ಲಾರಿಗೆ ಡ್ರೈವರ್ ಇಟ್ಟುಕೊಂಡಿದ್ದೇನೆ. ಅವನನ್ನು ಬೈದದ್ದು ತಪ್ಪು ಎಂದು ಆಮೇಲೆ ತಿಳಿದರೆ, ಬೈದ ಜಾಗಕ್ಕೇ ಹೋಗಿ, ಆಗ ಇದ್ದವರನ್ನೆಲ್ಲ ನಿಲ್ಲಿಸಿಕೊಂಡು ಹಾಗಂತ ಹೇಳುತ್ತೇನೆ. ಮೊದಲ ಸಲ ನಾಲಿಗೆ ಹೊರಳಲಿಲ್ಲ. ಈಗ ಹೊರಳುತ್ತದೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಬೈರಕೂರಿನ ಹತ್ತಿರ ಒಂದೂವರೆ ಎಕರೆ. ಸ್ವಂತ ಮನೆ ಒಂದು. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಓದುತ್ತಿದ್ದಾರೆ. ಲಾರಿ ಎರಡು. ಹಳೆಯದರ ಹೆಡ್ ಇನ್ನೂ ಬಿಚ್ಚಿಲ್ಲ.